ಕಸ ಗುಡಿಸುವ ರೋಬೊಟ್‌ಗೆ ಟರ್ಮಿನಲ್‌ನಿಂದ ಅಪ್ಪಣೆ: ‘ಓಕೆ’ ಅಂದ ಮೇಲೂ ಯಾಕೆ ಕದಲುವುದಿಲ್ಲ?

ಪ್ರಶ್ನೆ: ನಮ್ಮ ಮನೆಯಲ್ಲಿ ರೋಬೊರಾಕ್ ಎಸ್5 ಇದೆ, ಅಕ್ಕ ಜರ್ಮನಿಯಿಂದ ಬರುವಾಗ ತಂದದ್ದು. ಮಿ ಹೋಮ್ ಆ್ಯಪ್ ಪದೇ ಪದೇ ಲಾಗಿನ್ ಕೇಳುತ್ತದೆ, ಅಮ್ಮನಿಗೆ ಅದು ಒಗ್ಗುವುದಿಲ್ಲ. ಮನೆಯಲ್ಲೊಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್) ಸದಾ ಆನ್ ಇರುತ್ತದೆ. ಅದರಲ್ಲಿ ಪೈಥಾನ್-ಮಿಐಓ (ಶಿಯೊಮಿ ಬಗೆಯ ಸಾಧನಗಳಿಗೆ ಆಜ್ಞೆ ಕಳಿಸುವ ತಂತ್ರಾಂಶ) ಹಾಕಿ, ಬೆಳಿಗ್ಗೆ 10.30ಕ್ಕೆ ತಾನಾಗಿ ಗುಡಿಸುವಂತೆ ಕ್ರಾನ್‌ಗೆ, ಅಂದರೆ ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ವ್ಯವಸ್ಥೆಗೆ, ಬರೆದಿದ್ದೇನೆ. ಕೈಯಾರೆ ಆಜ್ಞೆ ಕೊಟ್ಟಾಗ ಕೆಲಸ ಮಾಡುತ್ತದೆ. ಆದರೆ ವಾರಕ್ಕೆ ಎರಡು ಸಲವಾದರೂ ಲಾಗ್‌ನಲ್ಲಿ ‘ಓಕೆ’ ಎಂದಿರುತ್ತದೆ, ಮನೆ ಮಾತ್ರ ಗುಡಿಸಿರುವುದಿಲ್ಲ. ಇನ್ನು ಕೆಲವು ದಿನ ರೋಬೊಟ್ ಸಿಗಲೇ ಇಲ್ಲ ಎಂಬ ಎರರ್. ಇದಕ್ಕೇನು ಕಾರಣ? ಇಂಟರ್ನೆಟ್ ಕೊಡದೆ ನಡೆಸಬಹುದೇ? ಅಡುಗೆಮನೆ ಮಾತ್ರ ಗುಡಿಸು ಎನ್ನಬಹುದೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ಮೊದಲು ನಿಮ್ಮ ‘ಓಕೆ’ಯನ್ನೇ ಹಿಡಿದುಕೊಳ್ಳೋಣ. ರೋಬೊಟ್ ಕೊಡುವ ಆ ಉತ್ತರಕ್ಕೆ ‘ನಿಮ್ಮ ಮಾತು ಕೇಳಿಸಿತು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಗುಡಿಸಲು ಹೊರಟೆ ಎಂದಾಗಲಿ, ಗುಡಿಸಬಲ್ಲೆ ಎಂದಾಗಲಿ ಅದು ಹೇಳುತ್ತಿಲ್ಲ. ಆಜ್ಞೆ ತಲುಪಿದ ಕೂಡಲೇ ಓಕೆ ಕಳಿಸಿ, ಆಮೇಲೆ ಅದು ತನ್ನ ಕೈಕಾಲು ನೋಡಿಕೊಳ್ಳುತ್ತದೆ: ಕಸದ ಡಬ್ಬಿ ಇದೆಯೇ, ಚಾರ್ಜ್ ಸಾಕೇ, ಮುಂದಿನ ಬಂಪರ್ ಸಿಕ್ಕಿಹಾಕಿಕೊಂಡಿಲ್ಲ ತಾನೇ ಎಂದು. ಏನಾದರೂ ಕೊರತೆ ಕಂಡರೆ ಇಂಗ್ಲಿಷಿನಲ್ಲೋ ಚೀನೀ ಭಾಷೆಯಲ್ಲೋ ಒಂದು ವಾಕ್ಯ ಹೇಳಿ ಸುಮ್ಮನಾಗುತ್ತದೆ. ಆ ಮಾತು ಹಾಲ್‌ನಲ್ಲಿರುವವರಿಗೆ ಕೇಳಿಸೀತು, ಕ್ರಾನ್‌ಗಂತೂ ಕೇಳಿಸುವುದಿಲ್ಲ. ಆದ್ದರಿಂದ ಆಜ್ಞೆಯ ಹಿಂದೊಮ್ಮೆ, ಮುಂದೊಮ್ಮೆ ಸ್ಥಿತಿ ಕೇಳಬೇಕು. ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ನಮ್ಮ ಕಡೆ ‘ಓಕೆ ಅಂದು ಕದಲದ’ ಪ್ರಸಂಗಗಳಿಗೆ ಎರಡು ಕಾರಣ ತೀರಾ ಸಾಮಾನ್ಯ. ಒಂದು, ಗೋಡೆಯ ಸ್ವಿಚ್. ರಾತ್ರಿ ಮಲಗುವ ಮುಂಚೆ ಎಲ್ಲ ಪ್ಲಗ್‌ಗಳ ಸ್ವಿಚ್ ಆರಿಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಚಾರ್ಜಿಂಗ್ ಡಾಕ್‌ನ ಸ್ವಿಚ್ಚೂ ಅದರ ಜೊತೆ ಹೋಗುತ್ತದೆ. ರೋಬೊಟ್ ಡಾಕ್ ಮೇಲೆ ಕೂತಿದೆ ಎಂದು ನಾವು ಅಂದುಕೊಂಡಿರುತ್ತೇವೆ, ಅದರ ಬ್ಯಾಟರಿ ಒಳಗೊಳಗೇ ಕರಗುತ್ತಿರುತ್ತದೆ. ಸುಮಾರು 20 ಪ್ರತಿಶತಕ್ಕಿಂತ ಕೆಳಗಿಳಿದರೆ ಅದು ಹೊರಡುವುದಿಲ್ಲ. ಇನ್ನೊಂದು, ಡಬ್ಬಿ. ಕಸ ಚೆಲ್ಲಿ, ಡಬ್ಬಿ ತೊಳೆದು, ಒಣಗಲೆಂದು ಬಚ್ಚಲ ಕಟ್ಟೆಯ ಮೇಲಿಟ್ಟು ಮರೆತಿರುತ್ತೀರಿ. ಎರಡೂ ಸಂದರ್ಭದಲ್ಲಿ ‘ಓಕೆ’ ಬರಬಹುದು.

ಮುಂದುವರಿಯುವ ಮುಂಚೆ ಒಂದು ಸೂಚನೆ. ಇಲ್ಲಿ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಮಿಐಓ ಎಂದರೆ ಎಂ, ಎರಡು ಐ, ಕೊನೆಗೆ ಓ. ಅದಕ್ಕೆ ಸಿ, ಎಲ್, ಐ ಅಂಟಿಸಿದರೆ ಮಿಐಓಸಿಎಲ್ಐ, ಪೈಥಾನ್-ಮಿಐಓ ಜೊತೆ ಬರುವ ಆಜ್ಞೆಯ ಹೆಸರು. ನಡುವಿನ ಅಡ್ಡಗೆರೆ, ಅಂಡರ್‌ಸ್ಕೋರ್, ಆವರಣ ಚಿಹ್ನೆಗಳು ಇಲ್ಲಿ ಕಂಡಂತೆಯೇ.

ಈ ರೋಬೊಟ್ ಮಾತಾಡುವುದು ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದಲ್ಲಿ, 54321ನೇ ಪೋರ್ಟ್‌ನಲ್ಲಿ. ಸಂಭಾಷಣೆ ಒಂದು ‘ಹಲೋ’ದಿಂದ ಶುರು. ಅದು ಒಟ್ಟು 32 ಬೈಟ್‌ಗಳ ಪ್ಯಾಕೆಟ್: ಮೊದಲೆರಡು ಬೈಟ್ 21 ಮತ್ತು 31, ಮುಂದಿನೆರಡು 00 ಮತ್ತು 20 (ಹೆಕ್ಸ್‌ನಲ್ಲಿ 20 ಎಂದರೆ 32, ಅದೇ ಪ್ಯಾಕೆಟ್‌ನ ಉದ್ದ), ಉಳಿದ 28 ಬೈಟೂ ಎಫ್ಎಫ್. ಇದಕ್ಕೆ ಯಾವ ಗುಟ್ಟೂ ಬೇಕಿಲ್ಲ. ಅದೇ ವೈಫೈನಲ್ಲಿರುವ ಯಾರು ಹಲೋ ಎಂದರೂ ರೋಬೊಟ್ ತನ್ನ ಸಾಧನ ಸಂಖ್ಯೆಯನ್ನೂ, ಆನ್ ಆದಾಗಿನಿಂದ ಎಷ್ಟು ಸೆಕೆಂಡ್ ಆಯಿತೆಂಬ ಎಣಿಕೆಯನ್ನೂ ವಾಪಸ್ ಕೊಡುತ್ತದೆ. ಗುಟ್ಟು ಬೇಕಾಗುವುದು ನಿಜವಾದ ಆಜ್ಞೆಗೆ. ಅದು ಟೋಕನ್: 16 ಬೈಟ್, ಬರೆದರೆ 32 ಹೆಕ್ಸ್ ಅಕ್ಷರ. ಟೋಕನ್‌ನ ಎಂಡಿ5 ಮೊತ್ತವೇ (ಯಾವ ಮಾಹಿತಿಯಿಂದಲೂ 16 ಬೈಟ್‌ನ ಗುರುತು ತೆಗೆಯುವ ಲೆಕ್ಕ) ಎಇಎಸ್-128 ಗೂಢಲಿಪಿಯ ಕೀಲಿ. ಆ ಕೀಲಿಗೆ ಟೋಕನ್ ಸೇರಿಸಿ ಇನ್ನೊಮ್ಮೆ ಎಂಡಿ5 ತೆಗೆದರೆ ಗೂಢಲಿಪಿಯ ಆರಂಭ ಮೌಲ್ಯ. ಒಳಗಿರುವುದು ಮೂರು ಅಂಶದ ಸಣ್ಣ ಜೇಸನ್ (ಹೆಸರು-ಮೌಲ್ಯ ಜೋಡಿಗಳ ಪಠ್ಯ): ಕ್ರಮಸಂಖ್ಯೆ, ವಿಧಾನದ ಹೆಸರು, ಅದಕ್ಕೆ ಬೇಕಾದ ಮೌಲ್ಯಗಳು. ಪೈಥಾನ್-ಮಿಐಓ ಇಷ್ಟನ್ನೂ ತಾನೇ ಮಾಡಿಕೊಳ್ಳುತ್ತದೆ. ಆದರೂ ಇದು ತಿಳಿದಿದ್ದರೆ ಎರರ್ ಬಂದಾಗ ಗಂಟು ಎಲ್ಲಿದೆ ಎಂದು ಊಹಿಸುವುದು ಸುಲಭ. ಹಲೋಗೆ ಉತ್ತರವಿದೆ, ಆಜ್ಞೆಗೆ ಇಲ್ಲ ಎಂದರೆ ಟೋಕನ್ ನೋಡಿ. ಹಲೋಗೇ ಉತ್ತರವಿಲ್ಲ ಎಂದರೆ ಟೋಕನ್ ಮುಟ್ಟಬೇಡಿ, ನೆಟ್‌ವರ್ಕ್ ನೋಡಿ.

ಟೋಕನ್ ನಿಮ್ಮ ಬಳಿ ಈಗಾಗಲೇ ಇದೆ, ಆದರೂ ಒಂದು ಮಾತು ಹೇಳಲೇಬೇಕು: ವೈಫೈ ರೀಸೆಟ್ ಮಾಡಿ ಆ್ಯಪ್‌ಗೆ ಮತ್ತೆ ಜೋಡಿಸಿದ ಪ್ರತಿ ಸಲವೂ ಟೋಕನ್ ಬದಲಾಗುತ್ತದೆ. ಹೊಸ ರೂಟರ್ ತಂದ ದಿನ ಸ್ಕ್ರಿಪ್ಟ್ ಸಾಯುವುದು ಇದರಿಂದಲೇ. ಹೊಸದನ್ನು ಪಡೆಯಲು

ಮಿಐಓಸಿಎಲ್ಐ ಕ್ಲೌಡ್ ಲಿಸ್ಟ್

ಎಂದು ಕೊಟ್ಟು ಮಿ ಖಾತೆಯ ಹೆಸರು, ಪಾಸ್‌ವರ್ಡ್ ತುಂಬಬಹುದು. ಕ್ಯಾಪ್ಚಾ ಅಥವಾ ಎರಡನೇ ಹಂತದ ದೃಢೀಕರಣ ಎದುರಾದರೆ ಈ ದಾರಿ ಮುಚ್ಚಿಹೋಗುತ್ತದೆ. ಆಗ ಗಿಟ್‌ಹಬ್‌ನಲ್ಲಿರುವ ‘ಶಿಯೊಮಿ ಕ್ಲೌಡ್ ಟೋಕನ್ಸ್ ಎಕ್ಸ್‌ಟ್ರ್ಯಾಕ್ಟರ್’ ಎಂಬ ಸ್ಕ್ರಿಪ್ಟ್ ಬಳಸಿ. ಪಟ್ಟಿ ಖಾಲಿ ಬಂದರೆ ಸರ್ವರ್ ಪ್ರದೇಶ ತಪ್ಪಿದೆ ಎಂದರ್ಥ. ನಿಮ್ಮದು ಜರ್ಮನಿಯಲ್ಲಿ ಕೊಂಡದ್ದು, ಅಲ್ಲೇ ಒಮ್ಮೆ ಜೋಡಿಸಿದ್ದರೆ ‘ಡಿಇ’ ಸರ್ವರ್‌ನಲ್ಲಿ ಹುಡುಕಿ. ಇಲ್ಲಿ ಬಂದ ಮೇಲೆ ಆ್ಯಪ್‌ನಲ್ಲಿ ಭಾರತ ಆಯ್ದು ಜೋಡಿಸಿದ್ದರೆ ‘ಐಎನ್’.

ಇನ್ನೊಂದು ಹಳ್ಳ ಇದೆ, ಅದಕ್ಕೆ ಬಿದ್ದವರು ಬಹಳ ಜನ. ಎಸ್5 ಅನ್ನು ಮಿ ಹೋಮ್ ಆ್ಯಪ್‌ಗೂ ಜೋಡಿಸಬಹುದು, ರೋಬೊರಾಕ್‌ನ ಸ್ವಂತ ಆ್ಯಪ್‌ಗೂ ಜೋಡಿಸಬಹುದು. ರೋಬೊರಾಕ್ ಆ್ಯಪ್‌ಗೆ ಜೋಡಿಸಿದ್ದು ಸರಿಯಾದ ಟೋಕನ್ ಕೊಟ್ಟರೂ ಮನೆಯ ನೆಟ್‌ವರ್ಕ್‌ನಿಂದ ಈ ಬಗೆಯಲ್ಲಿ ಮಾತಿಗೆ ಸಿಗುವುದಿಲ್ಲ. ಪರಿಹಾರ ಒಂದೇ, ವೈಫೈ ರೀಸೆಟ್ ಮಾಡಿ ಮಿ ಹೋಮ್‌ಗೆ ಜೋಡಿಸುವುದು. ನಿಮ್ಮದು ಮಿ ಹೋಮ್‌ನಲ್ಲೇ ಇರುವುದರಿಂದ ಈ ತಾಪತ್ರಯವಿಲ್ಲ. ‘ಹೊಸ ಆ್ಯಪ್ ಚೆನ್ನಾಗಿದೆಯಂತೆ’ ಎಂದು ಯಾರಾದರೂ ಬದಲಿಸಲು ಹೊರಟರೆ ತಡೆಯಿರಿ.

ಹಾಕುವ ವಿಧಾನ: ಡೆಬಿಯನ್ 12 ಆಧಾರಿತ ಪೈನಲ್ಲಿ ನೇರವಾಗಿ ಪಿಪ್ ಇನ್‌ಸ್ಟಾಲ್ ಎಂದರೆ ‘ಈ ಪರಿಸರವನ್ನು ಹೊರಗಿನಿಂದ ನಿರ್ವಹಿಸಲಾಗುತ್ತಿದೆ’ ಎಂಬ ಅರ್ಥದ ಎರರ್ ಬರುತ್ತದೆ. ಒತ್ತಾಯದ ಆಯ್ಕೆ ಹಾಕಿ ನುಗ್ಗಿಸಬೇಡಿ. ಪಿಪ್‌ಎಕ್ಸ್ ಬಳಸಿ, ಇಲ್ಲವೇ ಒಂದು ವರ್ಚುಯಲ್ ಪರಿಸರ ಮಾಡಿಕೊಂಡು ಅದರೊಳಗೆ ಹಾಕಿ. ಕ್ರಿಪ್ಟೋಗ್ರಫಿ ಎಂಬ ಭಾಗ ಕಂಪೈಲ್ ಆಗುವಾಗ ನಿಂತರೆ ಲಿಬ್‌ಎಫ್‌ಎಫ್‌ಐ-ಡೆವ್, ಲಿಬ್‌ಎಸ್‌ಎಸ್‌ಎಲ್-ಡೆವ್ ಎರಡನ್ನೂ ಆಪ್ಟ್‌ನಿಂದ ಹಾಕಿ ಮತ್ತೆ ಪ್ರಯತ್ನಿಸಿ. ಆದ ಮೇಲೆ ಮೊದಲ ಪರೀಕ್ಷೆ:

ಮಿಐಓಸಿಎಲ್ಐ ಡಿವೈಸ್ --ಐಪಿ 192.168.1.50 --ಟೋಕನ್ (ನಿಮ್ಮ 32 ಅಕ್ಷರ) ಇನ್ಫೋ

ಮಾಡೆಲ್ ಎಂಬಲ್ಲಿ ರೋಬೊರಾಕ್.ವ್ಯಾಕ್ಯೂಮ್.ಎಸ್5 ಎಂದು ಬರಬೇಕು. ಆಮೇಲಿನ ಆಜ್ಞೆಗಳಿಗೆಲ್ಲ ‘ಡಿವೈಸ್’ ಜಾಗದಲ್ಲಿ ‘ರೋಬೊರಾಕ್‌ವ್ಯಾಕ್ಯೂಮ್’, ಕೊನೆಯಲ್ಲಿ ಸ್ಟಾರ್ಟ್, ಪಾಝ್ (ತಡೆದು ನಿಲ್ಲಿಸಲು), ಹೋಮ್, ಫೈಂಡ್, ಸ್ಟೇಟಸ್ ಹೀಗೆ. ಹಳೆಯ ಲೇಖನಗಳಲ್ಲಿ ಬರಿಯ ‘ವ್ಯಾಕ್ಯೂಮ್’ ಎಂದು ಬರೆದಿರುತ್ತಾರೆ. ಹೆಸರು ಬದಲಾದದ್ದು ಆಮೇಲೆ. ಹೋಮ್ ಎಂದರೆ ಗುಡಿಸುವುದು ನಿಲ್ಲಿಸಿ ಡಾಕ್‌ಗೆ ಹೋಗು ಎಂದರ್ಥ.

ಸ್ಟೇಟಸ್ ಕೇಳಿದಾಗ ಫ್ಯಾನಿನ ವೇಗ 102% ಎಂದು ಕಂಡರೆ ಗಾಬರಿ ಬೇಡ. ಎಸ್5ನಲ್ಲಿ ಅದು ಶೇಕಡಾವಾರು ಲೆಕ್ಕವಲ್ಲ, ಹಂತದ ಸಂಕೇತ: 101 ಮೆಲ್ಲಗೆ, 102 ಸಾಮಾನ್ಯ, 103 ಜೋರು, 104 ಪೂರ್ತಿ ಜೋರು. ಮೊದಲ ತಲೆಮಾರಿನ ಮಿ ರೋಬೊಟ್‌ನಲ್ಲಿ ಅದು 38, 60 ಹೀಗೆ ನಿಜವಾಗಿಯೂ ಶೇಕಡಾವಾರು ಇತ್ತು, ಪರದೆಯ ಮೇಲಿನ % ಚಿಹ್ನೆ ಅಲ್ಲಿಂದ ಉಳಿದುಬಂದದ್ದು.

ಸ್ಕ್ರಿಪ್ಟ್‌ಗೆ ಮನುಷ್ಯರು ಓದುವ ಸ್ಟೇಟಸ್‌ಗಿಂತ ಕಚ್ಚಾ ಉತ್ತರವೇ ಅನುಕೂಲ:

ಮಿಐಓಸಿಎಲ್ಐ -ಓ ಜೇಸನ್ ಡಿವೈಸ್ --ಐಪಿ … --ಟೋಕನ್ … ರಾ_ಕಮಾಂಡ್ ಗೆಟ್_ಸ್ಟೇಟಸ್ '[]'

ಇಲ್ಲಿ ‘-ಓ ಜೇಸನ್’ ಮರೆಯಬೇಡಿ, ಅದು ‘ಡಿವೈಸ್’ ಪದಕ್ಕಿಂತ ಮುಂಚೆಯೇ ಬರಬೇಕು. ಅದಿಲ್ಲದಿದ್ದರೆ ಉತ್ತರ ಪೈಥಾನ್ ಬರೆಯುವ ರೀತಿಯಲ್ಲಿ ಒಂಟಿ ಉದ್ಧರಣ ಚಿಹ್ನೆಗಳೊಂದಿಗೆ ಬರುತ್ತದೆ, ಜೇಸನ್ ಓದುವ ಜೆಕ್ಯೂ ಎಂಬ ಆಜ್ಞೆ ಅದನ್ನು ನುಂಗುವುದಿಲ್ಲ. ಉತ್ತರದಲ್ಲಿ ನಿಮಗೆ ಬೇಕಾದದ್ದು ಮೂರು: ಸ್ಟೇಟ್, ಬ್ಯಾಟರಿ, ಎರರ್_ಕೋಡ್. ಗುಡಿಸಿದ ವಿಸ್ತೀರ್ಣ ಚದರ ಮಿಲಿಮೀಟರ್‌ನಲ್ಲಿ, ಸಮಯ ಸೆಕೆಂಡ್‌ನಲ್ಲಿ ಇರುತ್ತದೆ. 18240000 ಎಂದಿದ್ದರೆ ಹತ್ತು ಲಕ್ಷದಿಂದ ಭಾಗಿಸಿ, 18.24 ಚದರ ಮೀಟರ್. ನಮ್ಮ ಮನೆ ಲೆಕ್ಕದಲ್ಲಿ ಸುಮಾರು 196 ಚದರ ಅಡಿ. ಅಂದರೆ ಒಂದು ಹಾಲ್ ಮುಗಿದಿದೆ, ಕೋಣೆಗಳಿಗೆ ಹೋಗಿಯೇ ಇಲ್ಲ.

ಸ್ಟೇಟ್‌ನ ಅಂಕಿಗಳು ಹೀಗೆ. 3 ಸುಮ್ಮನೆ ನಿಂತಿದೆ, 5 ಗುಡಿಸುತ್ತಿದೆ, 6 ಡಾಕ್‌ಗೆ ಮರಳುತ್ತಿದೆ, 8 ಚಾರ್ಜ್ ಆಗುತ್ತಿದೆ, 9 ಚಾರ್ಜಿಂಗ್ ತೊಂದರೆ, 10 ನಿಲ್ಲಿಸಿದೆ, 12 ಎರರ್, 17 ಗೊತ್ತುಪಡಿಸಿದ ಜಾಗ ಗುಡಿಸುತ್ತಿದೆ, 100 ಚಾರ್ಜ್ ಪೂರ್ತಿ. ಇವುಗಳಲ್ಲಿ 8 ಮತ್ತು 100 ನಿಮಗೆ ಬಂಗಾರ. ಈ ಎರಡರಲ್ಲಿ ಒಂದು ಬಂತೆಂದರೆ ರೋಬೊಟ್ ಡಾಕ್ ಮೇಲಿದೆ ಮತ್ತು ಡಾಕ್‌ಗೆ ಕರೆಂಟ್ ಇದೆ, ಎರಡೂ ಒಟ್ಟಿಗೆ ಗೊತ್ತಾಯಿತು. ಬೆಳಿಗ್ಗೆ ಡಾಕ್ ಮೇಲೆ ಕೂತಿದ್ದೂ 2 (ಚಾರ್ಜರ್ ಸಂಪರ್ಕ ತಪ್ಪಿದೆ) ಅಥವಾ 3 ಬಂದರೆ ಗೋಡೆಯ ಸ್ವಿಚ್ ನೋಡಲು ಹೇಳಿ. ಕರೆಂಟ್ ಹೋದ ಹೊತ್ತಿನಲ್ಲಿ ರೋಬೊಟ್ ಹೊರಡದಂತೆ ತಡೆಯುವುದಕ್ಕೂ ಇದೇ ಪರೀಕ್ಷೆ ಸಾಕು. ಡಾಕ್‌ಗೆ ಕರೆಂಟ್ ಇಲ್ಲದಿದ್ದರೆ ಅದು ಬಿಡುವ ಇನ್‌ಫ್ರಾರೆಡ್ ಸಂಕೇತವೂ ಇರುವುದಿಲ್ಲ. ಗುಡಿಸಿ ಬಂದ ರೋಬೊಟ್ ಮನೆ ಬಾಗಿಲು ಕಾಣದೆ ಅಲ್ಲೇ ಸುತ್ತಿ ಸುಸ್ತಾಗುತ್ತದೆ. ಎರರ್ ಪಟ್ಟಿಯಲ್ಲಿ 19 ಎಂದರೆ ಇದೇ, ‘ಡಾಕ್‌ಗೆ ವಿದ್ಯುತ್ ಇಲ್ಲ’.

ಉಳಿದ ಎರರ್‌ಗಳಲ್ಲಿ ದಿನಬಳಕೆಗೆ ಬರುವವು ಕೆಲವೇ. 2 ಬಂಪರ್ ಸಿಕ್ಕಿಕೊಂಡಿದೆ. 3 ಚಕ್ರ ಗಾಳಿಯಲ್ಲಿದೆ, ಅಂದರೆ ಮೆಟ್ಟಿಲ ಅಂಚಿಗೋ ಹೊಸ್ತಿಲ ಮೇಲಕ್ಕೋ ಹತ್ತಿ ಕೂತಿದೆ. ಇದು ಸುಮಾರು 2 ಸೆಂಟಿಮೀಟರ್ ಎತ್ತರವನ್ನಷ್ಟೇ ದಾಟಬಲ್ಲುದು, ಹಳೆಯ ಮನೆಗಳ ಮರದ ಹೊಸ್ತಿಲಿಗೆ ಅದು ಏನೇನೂ ಸಾಲದು. 5 ಮುಖ್ಯ ಬ್ರಷ್‌ಗೆ ಏನೋ ಸುತ್ತಿಕೊಂಡಿದೆ. ಉದ್ದ ಕೂದಲಿನವರಿರುವ ಮನೆಯಲ್ಲಿ ಇದು ವಾರದ ವ್ರತ, ಬ್ರಷ್‌ನ ಎರಡೂ ತುದಿಯ ಬೇರಿಂಗ್ ಬಳಿ ಕತ್ತರಿ ಆಡಿಸಬೇಕು. 9 ಡಬ್ಬಿ ಇಲ್ಲ. 12 ಚಾರ್ಜ್ ಸಾಲದು. ಲಾಗ್‌ನಲ್ಲಿ ಈ ಅಂಕಿ ಇದ್ದರೆ ಸಾಕು, ನೀವು ಕಚೇರಿಯಿಂದಲೇ ಫೋನ್ ಮಾಡಿ ‘ಅಮ್ಮಾ, ಡಬ್ಬಿ ಹಾಕಿಲ್ಲ ನೋಡು’ ಎನ್ನಬಹುದು.

ಈಗ ಸ್ಕ್ರಿಪ್ಟ್. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ ಓರೆಗೆರೆ ಮತ್ತು ಶೂನ್ಯ ಬೈಟ್ ಬಿಟ್ಟು ಯಾವ ಬೈಟೂ ನಡೆಯುತ್ತದೆ. ಆದ್ದರಿಂದ ಈ ಸ್ಕ್ರಿಪ್ಟ್‌ಗೆ ‘ಕಸ’ ಎಂದು ಕನ್ನಡದಲ್ಲೇ ಹೆಸರಿಡಬಹುದು. ಒಳಗಿನ ಕೇಸ್ ವಾಕ್ಯದಲ್ಲಿ ‘ಗುಡಿಸು’, ‘ನಿಲ್ಲು’, ‘ಮನೆಗೆ’, ‘ಎಲ್ಲಿ’ ಎಂಬ ಆಯ್ಕೆಗಳನ್ನೂ ಕನ್ನಡದಲ್ಲೇ ಬರೆಯಬಹುದು. ಶೆಲ್ ಹೋಲಿಸುವುದು ಬೈಟ್‌ಗಳನ್ನು, ಕ್ರಾನ್‌ನ ಸಿ ಲೊಕೇಲ್‌ನಲ್ಲೂ ಇದು ಕೆಡುವುದಿಲ್ಲ. ಟರ್ಮಿನಲ್‌ನಲ್ಲಿ ಒತ್ತಕ್ಷರ ಕೆದರಿದಂತೆ ಕಾಣಬಹುದು, ಅದು ತೋರಿಕೆಯ ದೋಷ ಮಾತ್ರ. ಒಂದೇ ಎಚ್ಚರಿಕೆ: ಈ, ಏ, ಐ, ಒ, ಓ ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡು-ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಶೆಲ್‌ಗೆ ಬೇರೆ ಬೇರೆ. ‘ಹೋಗು’, ‘ಬೇಡ’ದಂಥ ಪದಗಳನ್ನು ಆಯ್ಕೆಯ ಹೆಸರಾಗಿ ಇಡದಿದ್ದರೆ ಈ ರಗಳೆಯೇ ಇಲ್ಲ. ಮೇಲಿನ ನಾಲ್ಕೂ ಪದ ಈ ದೃಷ್ಟಿಯಿಂದ ಕ್ಷೇಮ.

‘ಗುಡಿಸು’ ಎಂಬುದರೊಳಗೆ ನಡೆಯಬೇಕಾದ್ದು ಇಷ್ಟು. ಮೊದಲು ಗೆಟ್_ಸ್ಟೇಟಸ್. ಸ್ಟೇಟ್ 5 ಅಥವಾ 17 ಆಗಿದ್ದರೆ ಯಾರೋ ಆಗಲೇ ಶುರು ಮಾಡಿದ್ದಾರೆ, ಸುಮ್ಮನೆ ಹೊರಬನ್ನಿ. 8 ಅಥವಾ 100 ಅಲ್ಲದೆ ಬೇರೇನೇ ಇದ್ದರೂ ಬರೆದಿಟ್ಟು ಹೊರಬನ್ನಿ. ಬ್ಯಾಟರಿ 40ಕ್ಕಿಂತ ಕಡಿಮೆ ಇದ್ದರೆ ಹಾಗೆಯೇ. ಇದು ನಮ್ಮ ಆಯ್ಕೆಯ ಗಡಿ. ಅರ್ಧದಲ್ಲಿ ಚಾರ್ಜ್‌ಗೆ ಮರಳಿ ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಹೊರಟು ಕಾಲಿಗೆ ಅಡ್ಡ ಬರುವುದಕ್ಕಿಂತ ನಾಳೆ ಗುಡಿಸಿದರೂ ಆದೀತು. ಎಲ್ಲ ಸರಿಯಿದ್ದರೆ ಸ್ಟಾರ್ಟ್. ಆಮೇಲೆ 20 ಸೆಕೆಂಡ್ ನಿದ್ದೆ, ಮತ್ತೆ ಗೆಟ್_ಸ್ಟೇಟಸ್. ಈಗ 5 ಬಂದರೆ ಮಾತ್ರ ‘ಗುಡಿಸುತ್ತಿದೆ’ ಎಂದು ಲಾಗ್‌ನಲ್ಲಿ ಬರೆಯಿರಿ. ಇಲ್ಲದಿದ್ದರೆ ಸ್ಟೇಟ್ ಮತ್ತು ಎರರ್ ಅಂಕಿ ಬರೆಯಿರಿ. 20 ಸೆಕೆಂಡ್ ಯಾಕೆಂದರೆ ಡಾಕ್‌ನಿಂದ ಹಿಂದೆ ಸರಿದು, ಲೇಸರ್ ತಿರುಗಿಸಿ, ಸುತ್ತ ನೋಡಿಕೊಳ್ಳಲು ಅದಕ್ಕೆ ಒಂದಷ್ಟು ಹೊತ್ತು ಬೇಕು. ಮೂರೇ ಸೆಕೆಂಡಿಗೆ ಕೇಳಿದರೆ ಸ್ಟೇಟ್ 1, ಅಂದರೆ ‘ಶುರುವಾಗುತ್ತಿದೆ’ ಎಂದು ಬಂದು ನಿಮ್ಮನ್ನು ಗೊಂದಲಕ್ಕೆ ಹಾಕೀತು.

ನಿಲ್ಲಿಸಿದ್ದನ್ನು ಮುಂದುವರಿಸುವಾಗಲೂ ಒಂದು ಸೂಕ್ಷ್ಮವಿದೆ. ಇಡೀ ಮನೆ ಗುಡಿಸುವಾಗ ನಿಲ್ಲಿಸಿ ಮತ್ತೆ ಸ್ಟಾರ್ಟ್ ಎಂದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಗೊತ್ತುಪಡಿಸಿದ ಜಾಗ ಗುಡಿಸುವಾಗ ನಿಲ್ಲಿಸಿದ್ದರೆ ಬರಿಯ ಸ್ಟಾರ್ಟ್ ಸರಿಯಲ್ಲ, ಅದು ಇಡೀ ಮನೆಗೆ ಹೊರಟುಬಿಡುತ್ತದೆ. ಅಲ್ಲಿಗೆ ರೆಸ್ಯೂಮ್_ಆರ್_ಸ್ಟಾರ್ಟ್ ಎಂಬ ಆಜ್ಞೆ ಇದೆ, ಅದು ಯಾವ ಬಗೆ ಎಂದು ನೋಡಿಕೊಂಡು ಕಳಿಸುತ್ತದೆ.

ಟೋಕನ್‌ಅನ್ನು ಸ್ಕ್ರಿಪ್ಟ್‌ನೊಳಗೆ ಬರೆಯದೆ ಬೇರೆ ಕಡತದಲ್ಲಿಟ್ಟು, ಅದರ ಅನುಮತಿ 600 ಮಾಡಿ. ಆದರೂ ಆಜ್ಞೆ ಓಡುವಷ್ಟು ಹೊತ್ತು --ಟೋಕನ್‌ನ ಮುಂದಿರುವುದು ಪಿಎಸ್ ಪಟ್ಟಿಯಲ್ಲಿ ಆ ಯಂತ್ರದ ಇತರ ಬಳಕೆದಾರರಿಗೆ ಕಾಣುತ್ತದೆ. ಮನೆಯ ಪೈನಲ್ಲಿ ನೀವೊಬ್ಬರೇ ಇದ್ದರೆ ತಲೆಬಿಸಿ ಬೇಡ.

ಕ್ರಾನ್‌ನ ಸಾಲು:

30 10 * * 1-6 /ಹೋಮ್/ಪೈ/ಬಿನ್/ಕಸ ಗುಡಿಸು

ಕೊನೆಯ ಎರಡು ಪದ ಇಲ್ಲಿ ನಿಜಕ್ಕೂ ಕನ್ನಡವೇ. ಕ್ರಾನ್‌ನ ದಾರಿಪಟ್ಟಿ ಬಹಳ ಚಿಕ್ಕದು, ನಿಮ್ಮ ಹೋಮ್ ಕೋಶದ ಬಿನ್ ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಸ್ಕ್ರಿಪ್ಟ್‌ನೊಳಗೂ ಮಿಐಓಸಿಎಲ್ಐಗೆ ಪೂರ್ತಿ ದಾರಿ ಕೊಡಿ. ಪೈನ ಕಾಲವಲಯ ಏಷ್ಯಾ/ಕೋಲ್ಕತಾ ಆಗಿದೆಯೇ ಎಂದು ಟೈಮ್‌ಡೇಟ್‌ಸಿಟಿಎಲ್‌ನಿಂದ ನೋಡಿ. ಅದು ಯುಟಿಸಿಯಲ್ಲಿದ್ದರೆ ನಿಮ್ಮ 10.30 ಸಂಜೆ 4 ಗಂಟೆಗೆ ಬರುತ್ತದೆ. ಆ್ಯಪ್‌ನಲ್ಲಿ ಮೊದಲೇ ಇಟ್ಟಿದ್ದ ವೇಳಾಪಟ್ಟಿ ಇದ್ದರೆ ಅಳಿಸಿಬಿಡಿ. ಇಲ್ಲದಿದ್ದರೆ ಇಬ್ಬರು ಯಜಮಾನರ ನಡುವಿನ ಆಳಿನಂತೆ ಆಗುತ್ತದೆ ರೋಬೊಟ್‌ನ ಪಾಡು. ಬಾಗಿಲ ಒಳಗೆ, ದೇವರ ಮುಂದೆ ರಂಗೋಲಿ ಹಾಕುವ ಮನೆಯಾದರೆ ಅದಕ್ಕೆ ರಂಗೋಲಿಯೂ ಕಸವೇ, ನೆನಪಿರಲಿ. ಎಸ್5ನಲ್ಲಿ ನಕ್ಷೆ ಉಳಿಸುವ ಆಯ್ಕೆ ಆನ್ ಮಾಡಿ, ಆ ಜಾಗಕ್ಕೆ ಆ್ಯಪ್‌ನಲ್ಲೇ ಒಮ್ಮೆ ‘ಹೋಗಬೇಡ’ ಚೌಕ ಹಾಕಿಡಿ.

‘ರೋಬೊಟ್ ಸಿಗಲಿಲ್ಲ’ ಎಂಬ ಎರರ್‌ಗೆ ಬರೋಣ. ಪೈಥಾನ್-ಮಿಐಓ ಹೇಳುವ ವಾಕ್ಯವನ್ನು ಅಕ್ಷರಶಃ ಓದಿ. ‘ಅನೇಬಲ್ ಟು ಡಿಸ್ಕವರ್’ ಎಂದರೆ ಹಲೋಗೇ ಉತ್ತರ ಬಂದಿಲ್ಲ. ‘ನೋ ರೆಸ್ಪಾನ್ಸ್’ ಎಂದರೆ ಆಜ್ಞೆ ಹೋಯಿತು, ಉತ್ತರ ಬರಲಿಲ್ಲ. ‘ಚೆಕ್‌ಸಮ್ ಎರರ್’ ಎಂದರೆ ಟೋಕನ್ ತಪ್ಪು. ಮೊದಲನೆಯದಕ್ಕೆ ಬಹುಪಾಲು ಕಾರಣ ಐಪಿ ಬದಲಾದದ್ದು. ಕರೆಂಟ್ ಹೋಗಿ ಬಂದಾಗ ರೂಟರ್ ಮತ್ತೆ ಶುರುವಾಗಿ ಸಾಧನಗಳಿಗೆ ಹೊಸದಾಗಿ ವಿಳಾಸ ಹಂಚುತ್ತದೆ, 192.168.1.50ರಲ್ಲಿ ಈಗ ಟಿವಿ ಕೂತಿರುತ್ತದೆ. ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ರೋಬೊಟ್‌ನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಕಾಯ್ದಿರಿಸಿದರೆ ಈ ಕಾಟ ತಪ್ಪಿತು. ರೂಟರ್‌ಗೆ ಚಿಕ್ಕ ಯುಪಿಎಸ್ ಇದ್ದರಂತೂ ಇನ್ನೂ ಒಳ್ಳೆಯದು.

ಎರಡನೇ ಕಾರಣ ಸಬ್‌ನೆಟ್, ಅಂದರೆ ಒಂದೇ ವಿಳಾಸಗುಂಪಿಗೆ ಸೇರಿದ ಉಪಜಾಲ. ಈ ರೋಬೊಟ್‌ಗಳು ಬೇರೆ ಸಬ್‌ನೆಟ್‌ನಿಂದ ಬಂದ ಮಾತಿಗೆ ಕಿವಿಗೊಡುವುದಿಲ್ಲ. ಕೇಬಲ್‌ನವರು ಕೊಟ್ಟ ಮೋಡೆಮ್‌ಗೆ ನಿಮ್ಮದೇ ಇನ್ನೊಂದು ರೂಟರ್ ಸಿಕ್ಕಿಸಿ, ಪೈ ಒಂದರಲ್ಲಿ, ರೋಬೊಟ್ ಇನ್ನೊಂದರಲ್ಲಿ ಇದ್ದರೆ ಪಿಂಗ್ ಹೋದರೂ ಆಜ್ಞೆ ಹೋಗದಿರಬಹುದು. ಎರಡನ್ನೂ ಒಂದೇ ನೆಟ್‌ವರ್ಕ್‌ಗೆ ತನ್ನಿ, ಆಗದಿದ್ದರೆ ರೂಟರ್‌ನಲ್ಲಿ ನ್ಯಾಟ್ (ವಿಳಾಸ ಬದಲಿಸಿ ಕಳಿಸುವ ವ್ಯವಸ್ಥೆ) ಹಾಕಿ ಪೈನ ಮಾತು ರೋಬೊಟ್‌ನ ಸಬ್‌ನೆಟ್‌ನಿಂದಲೇ ಬಂದಂತೆ ಕಾಣಿಸಿ. ಎಸ್5ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನಿಮ್ಮ ಪೈ 5 ಗಿಗಾಹರ್ಟ್ಸ್ ವೈಫೈನಲ್ಲಿದ್ದರೂ ತೊಂದರೆಯಿಲ್ಲ, ಸಬ್‌ನೆಟ್ ಒಂದೇ ಇದ್ದರಾಯಿತು. ಅತಿಥಿಗಳ ವೈಫೈಗೆ ಮಾತ್ರ ರೋಬೊಟ್‌ಅನ್ನು ಹಾಕಬೇಡಿ. ಅಲ್ಲಿ ಸಾಧನಗಳು ಒಂದಕ್ಕೊಂದು ಕಾಣದಂತೆ ಸಾಮಾನ್ಯವಾಗಿ ತಡೆ ಇರುತ್ತದೆ. ಇಷ್ಟಾದರೂ ಗಂಟು ಬಿಡದಿದ್ದರೆ ಮಿಐಓಸಿಎಲ್ಐ ಆದ ಕೂಡಲೇ -ಡಿ ಸೇರಿಸಿ, ಹೋದ ಬಂದ ಮಾತೆಲ್ಲ ಪರದೆಗೆ ಬರುತ್ತದೆ.

ಇಂಟರ್ನೆಟ್ ಕಟ್ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ಹೇಗೆ ಕಟ್ ಮಾಡುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಫೈರ್‌ವಾಲ್‌ನಲ್ಲಿ ಪ್ಯಾಕೆಟ್‌ಗಳನ್ನು ಬೀಳಿಸುವುದು, ಅಂದರೆ ಡ್ರಾಪ್, ಎಲ್ಲರೂ ಮೊದಲು ಮಾಡುವ ಕೆಲಸ. ಈ ರೋಬೊಟ್‌ಗಳಿಗೆ ಅದು ವಿಷ. ಒಳಗಿನ ತಂತ್ರಾಂಶ ತನ್ನ ಸರ್ವರ್‌ಗೆ ಪತ್ರ ಬರೆದು ಉತ್ತರಕ್ಕೆ ಕಾಯುತ್ತಾ ಕೂರುತ್ತದೆ. ‘ಇಲ್ಲ’ ಎಂದು ಹೇಳುವವರೂ ಇಲ್ಲದ್ದರಿಂದ ಕಾಯುವಿಕೆ ಮುಗಿಯುವುದೇ ಇಲ್ಲ, ಆ ಹೊತ್ತಿನಲ್ಲಿ ನಿಮ್ಮ ಆಜ್ಞೆಗೂ ಉತ್ತರವಿಲ್ಲ. ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ ಎಂಬ ದೂರು ಹುಟ್ಟುವುದು ಹೀಗೆ. ಬದಲಿಗೆ ರಿಜೆಕ್ಟ್ ಬಳಸಿ. ಐಪಿಟೇಬಲ್ಸ್‌ನಲ್ಲಿ ಫಾರ್ವರ್ಡ್ ಸರಣಿಗೆ, ಮೂಲ ವಿಳಾಸ ರೋಬೊಟ್‌ನದು, ಗುರಿ ರಿಜೆಕ್ಟ್ ಎಂದು ಒಂದು ಸಾಲು. ಆಗ ಕೂಡಲೇ ‘ದಾರಿಯಿಲ್ಲ’ ಎಂಬ ಉತ್ತರ ಸಿಗುತ್ತದೆ, ಅದು ಸುಮ್ಮನೆ ತನ್ನ ಕೆಲಸಕ್ಕೆ ಮರಳುತ್ತದೆ. ಸಾಧಾರಣ ರೂಟರ್‌ಗಳ ‘ಪೇರೆಂಟಲ್ ಕಂಟ್ರೋಲ್’ ಪುಟದಲ್ಲಿ ತಡೆದರೆ ಡ್ರಾಪ್ ಆಗುತ್ತದೋ ರಿಜೆಕ್ಟ್ ಆಗುತ್ತದೋ ಹೊರಗಿನಿಂದ ಕಾಣುವುದಿಲ್ಲ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಇರುವ ರೂಟರ್ ಆದರೆ ನೀವೇ ಆಯ್ದುಕೊಳ್ಳಬಹುದು. ಕಟ್ ಮಾಡಿದ ಮೇಲೆ ಆ್ಯಪ್‌ನಿಂದ ನಕ್ಷೆ ನೋಡುವುದು ನಿಲ್ಲುತ್ತದೆ, ಆದ್ದರಿಂದ ‘ಹೋಗಬೇಡ’ ಚೌಕಗಳನ್ನೆಲ್ಲ ಮೊದಲೇ ಹಾಕಿ ಮುಗಿಸಿ.

ಅಡುಗೆಮನೆಗೆ ನಿರ್ದೇಶಾಂಕ ಬೇಕು. ರೋಬೊಟ್‌ನ ನಕ್ಷೆಯಲ್ಲಿ ಡಾಕ್ ಇರುವ ಬಿಂದು ಯಾವಾಗಲೂ 25500, 25500. ಅಳತೆ ಮಿಲಿಮೀಟರ್‌ನಲ್ಲಿ. ದಿಕ್ಕು ಯಾವುದೆಂದು ತಿಳಿಯಲು ಸುಲಭ ಉಪಾಯ ಇದು:

…ರೋಬೊರಾಕ್‌ವ್ಯಾಕ್ಯೂಮ್ … ಗೋಟು 25500 26500

ಎಂದು ಕಳಿಸಿ. ಡಾಕ್‌ನಿಂದ ಒಂದು ಮೀಟರ್ ದೂರಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ನೆಲಕ್ಕೆ ಚಾಕ್‌ಪೀಸ್‌ನಿಂದ ಗುರುತು ಹಾಕಿ, ಆ ದಿಕ್ಕೇ ವೈ. ಮತ್ತೆ 26500 25500 ಕಳಿಸಿ, ಅದು ಎಕ್ಸ್. ಇನ್ನು ಟೇಪು ಹಿಡಿದು ಅಡುಗೆಮನೆಯ ಎರಡು ಎದುರುಮೂಲೆಗಳನ್ನು ಅಳೆದರಾಯಿತು. ಉದಾಹರಣೆಗೆ ಡಾಕ್‌ನಿಂದ ಎಕ್ಸ್ ಕಡೆ ಅರ್ಧ ಮೀಟರಿನಿಂದ ಮೂರೂವರೆ ಮೀಟರಿನವರೆಗೆ, ವೈ ಕಡೆ ಒಂದೂವರೆಯಿಂದ ಮೂರೂವರೆವರೆಗೆ ಅಡುಗೆಮನೆ ಇದ್ದರೆ:

…ರೋಬೊರಾಕ್‌ವ್ಯಾಕ್ಯೂಮ್ … ಝೋನ್ಡ್_ಕ್ಲೀನ್ '[[26000,27000,29000,29000,1]]'

ಕೊನೆಯ 1 ಎಂದರೆ ಒಂದು ಸುತ್ತು. ರೊಟ್ಟಿ ತಟ್ಟಿದ ದಿನ ಹಿಟ್ಟು ಚೆಲ್ಲಿದ್ದರೆ 2 ಮಾಡಿ. ನೀರು, ಎಣ್ಣೆ ಚೆಲ್ಲಿದ್ದರೆ ಮಾತ್ರ ಕಳಿಸಲೇಬೇಡಿ, ಒದ್ದೆ ಹಿಟ್ಟು ಬ್ರಷ್ ಮತ್ತು ಫಿಲ್ಟರ್‌ಗೆ ಅಂಟಿದರೆ ಬಿಡಿಸುವುದು ದೊಡ್ಡ ಕೆಲಸ. ಗೋಡೆಯಿಂದ ಹತ್ತು ಸೆಂಟಿಮೀಟರ್ ಆಚೆಗೆ ಚೌಕ ಹರಡಿದರೂ ತೊಂದರೆಯಿಲ್ಲ, ಗೋಡೆ ಅದಕ್ಕೆ ಕಾಣುತ್ತದೆ. ಡಾಕ್‌ನ ಜಾಗ ಬದಲಿಸಿದರೆ ಅಥವಾ ನಕ್ಷೆ ಹೊಸದಾಗಿ ಮೂಡಿದರೆ ಈ ಅಂಕಿಗಳೆಲ್ಲ ಸುಳ್ಳು. ಹಬ್ಬಕ್ಕೆ ಸೋಫಾ ಸರಿಸಿ ಡಾಕ್‌ಅನ್ನು ಬೇರೆ ಗೋಡೆಗೆ ಇಟ್ಟ ದಿನ ಅಡುಗೆಮನೆಗೆಂದು ಹೊರಟದ್ದು ದೇವರಮನೆಗೆ ನುಗ್ಗೀತು. ಡಾಕ್‌ನ ಕೆಳಗೆ ನೆಲದ ಮೇಲೆ ಟೇಪಿನಿಂದ ಅದರ ಅಂಚು ಗುರುತಿಸಿಟ್ಟರೆ ಒರೆಸುವವರು ಸರಿಸಿದರೂ ಮತ್ತೆ ಅಲ್ಲೇ ಇಡಬಹುದು.

ಕನ್ಸ್ಯೂಮಬಲ್_ಸ್ಟೇಟಸ್ ಎಂಬ ಆಜ್ಞೆ ಬ್ರಷ್, ಫಿಲ್ಟರ್‌ಗಳು ಎಷ್ಟು ಗಂಟೆ ದುಡಿದಿವೆ ಎಂದು ಹೇಳುತ್ತದೆ. ತಯಾರಕರ ಲೆಕ್ಕ ಮುಖ್ಯ ಬ್ರಷ್‌ಗೆ 300 ಗಂಟೆ, ಪಕ್ಕದ ಬ್ರಷ್‌ಗೆ 200, ಫಿಲ್ಟರ್‌ಗೆ 150, ಸೆನ್ಸರ್ ಒರೆಸಲು 30. ರಸ್ತೆ ಪಕ್ಕದ ಮನೆಯಾದರೆ ಫಿಲ್ಟರ್‌ನ 150 ಗಂಟೆ ಅತಿಯಾಯಿತು, ಅದಕ್ಕೆ ಬಹಳ ಮುಂಚೆಯೇ ಧೂಳು ಕಟ್ಟಿ ಎಳೆತ ಕುಸಿಯುತ್ತದೆ. ಕೆಳಭಾಗದ ಆಳ ನೋಡುವ ಸೆನ್ಸರ್‌ಗಳನ್ನು ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ, ಎರರ್ 4 ಬರುವುದು ಅವು ಮಸುಕಾದಾಗ.

ಕಂಪನಿಯ ಕ್ಲೌಡ್ ಸರ್ವರ್ ಸಹವಾಸವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ವಾಲೆಟುಡೊ, ರೋಬೊಟ್‌ನೊಳಗೇ ಹಾಕುವ ಮುಕ್ತ ತಂತ್ರಾಂಶ. 2017ರ ಡಿಸೆಂಬರ್‌ನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದ 34ಸಿ3 ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಡೆನಿಸ್ ಗೀಸ ಮತ್ತು ಡೇನಿಯಲ್ ವೆಗೆಮರ್ ಮೊದಲ ಮಿ ರೋಬೊಟ್‌ನೊಳಗೆ ಉಬುಂಟು 14.04 ಓಡುತ್ತಿರುವುದನ್ನು ತೋರಿಸಿದರು. ಒಳಹೋಗಲು ಅವರು ಬಳಸಿದ್ದು ಚಿಪ್‌ನ ಕೆಳಗೆ ತೂರಿಸಿದ ಅಲ್ಯೂಮಿನಿಯಂ ಹಾಳೆಯ ಚೂರು. ವಾಲೆಟುಡೊದಂಥ ಕೆಲಸಗಳು ಬೆಳೆದದ್ದು ಆ ನೆಲದ ಮೇಲೆ. ಅದನ್ನು ಹಾಕಿದರೆ ಟೋಕನ್, ಯುಡಿಪಿ ಏನೂ ಬೇಡ, ಕರ್ಲ್ ಎಂಬ ಆಜ್ಞೆಯಿಂದ ರೋಬೊಟ್‌ನ ವಿಳಾಸಕ್ಕೆ ‘ಸ್ಟಾರ್ಟ್’ ಎಂಬ ಜೇಸನ್ ಕಳಿಸಿದರೆ ಸಾಕು. ಎಸ್5 ಅದರ ಪಟ್ಟಿಯಲ್ಲಿದೆ. ಫರ್ಮ್‌ವೇರ್ ಹಳೆಯದಿದ್ದರೆ ವೈಫೈ ಮೂಲಕವೇ ರೂಟ್ ಆಗುತ್ತದೆ (ಅದರ ಪೂರ್ತಿ ಹಿಡಿತ ಸಿಗುತ್ತದೆ), ಹೊಸದಾಗಿದ್ದರೆ ಬಿಚ್ಚಬೇಕು. ಕೆಲಸ ಮಾಡುತ್ತಿರುವ ಯಂತ್ರವನ್ನು, ಅದೂ ಇಲ್ಲಿ ವಾರಂಟಿ ಇಲ್ಲದ್ದನ್ನು, ಬರಿಯ ಕುತೂಹಲಕ್ಕೆ ಬಿಚ್ಚಿ ಎಂದು ನಾವು ಹೇಳುವುದಿಲ್ಲ.

ನಿಮ್ಮ ಸ್ಕ್ರಿಪ್ಟ್ ನೋಡಿ ನೆಂಟರು ಕೇಳುತ್ತಾರೆ. ಅವರದು 2020ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಮಿ ರೋಬೊಟ್ ವ್ಯಾಕ್ಯೂಮ್-ಮಾಪ್ ಪಿ ಆಗಿದ್ದರೆ ಹಾಗೇ ನಕಲು ಮಾಡಿಕೊಡಬೇಡಿ. ಅದು ವಿಯೋಮಿ ಮಾಡಿದ ಯಂತ್ರ, ಆಜ್ಞೆ ‘ವಿಯೋಮಿವ್ಯಾಕ್ಯೂಮ್’, ಸ್ಥಿತಿಯ ಅಂಕಿಗಳೂ ಬೇರೆ. ಅಲ್ಲಿ 3 ಎಂದರೆ ಗುಡಿಸುತ್ತಿದೆ, 5 ಎಂದರೆ ಡಾಕ್‌ನಲ್ಲಿದೆ. ಆಜ್ಞೆಗಳನ್ನಷ್ಟೇ ಬದಲಿಸಿ ಅಂಕಿಗಳನ್ನು ಹಾಗೇ ಬಿಟ್ಟರೆ, ಡಾಕ್‌ನಲ್ಲಿ ಆರಾಮವಾಗಿ ಕೂತಿರುವ ರೋಬೊಟ್ ‘ಆಗಲೇ ಗುಡಿಸುತ್ತಿದೆ’ ಎಂದುಕೊಂಡು ಸ್ಕ್ರಿಪ್ಟ್ ದಿನವೂ ಸುಮ್ಮನೆ ಹೊರಬರುತ್ತದೆ.